ಎರಡೂ ಕೈ ತುಂಬಿರುವಾಗ ಹ್ಯಾಮ್ ರೇಡಿಯೊದ ಸ್ಯಾಟಲೈಟ್ ಲಾಗ್ (ಸಂಪರ್ಕಗಳ ದಾಖಲೆ) ಬರೆಯೋದು ಹೇಗೆ?

ಪ್ರಶ್ನೆ (ಚಿಂತಾಮಣಿ): ಒಂದು ಕೈಲಿ ಯಾಗಿ ಆಂಟೆನಾ, ಇನ್ನೊಂದರಲ್ಲಿ ಐದು ವ್ಯಾಟ್ ಹ್ಯಾಂಡಿ (ಕೈ ರೇಡಿಯೊ). ಎಸ್‌ಒ-50 ಸ್ಯಾಟಲೈಟ್ ಆಕಾಶದಲ್ಲಿ ಹಾದುಹೋಗುವ ಪಾಸ್ ಮುಗಿಯುವಷ್ಟರಲ್ಲಿ ಕಾಲ್‌ಸೈನ್‌ಗಳೆಲ್ಲ (ಹ್ಯಾಮ್‌ಗಳ ಗುರುತಿನ ಅಕ್ಷರಗಳು) ಕಲಸುಮೇಲೋಗರ. ಹೇಗೋ ಬರೆದು, ಇಬ್ಬರ ಲಾಗ್ ತಾಳೆ ನೋಡುವ ಆನ್‌ಲೈನ್ ವ್ಯವಸ್ಥೆ ಎಲ್‌ಒಟಿಡಬ್ಲ್ಯುಗೆ ಹಾಕಿದ ನಾಲ್ಕೂ ಕನ್ಫರ್ಮ್ ಆಗಿಲ್ಲ. ಎಲ್ಲಿ ತಪ್ಪಿದೆ ಸರ್?

ಉತ್ತರ: ಪಾಸ್ ನಡೆಯುವಾಗ ಬರೆಯಲೇಬೇಡಿ. ಸಿಗುವುದೇ ಹತ್ತು ಹನ್ನೆರಡು ನಿಮಿಷ. ಪೆನ್ನಿನ ಕಡೆ ಕಣ್ಣು ಹೋದರೆ ಆಂಟೆನಾ ಅತ್ತ ವಾಲುತ್ತದೆ. ಫೋನಿನಲ್ಲಿ ವಾಯ್ಸ್ ರೆಕಾರ್ಡರ್ ಹಾಕಿ, ಯುಟಿಸಿ (ಜಾಗತಿಕ ಪ್ರಮಾಣಿತ) ಸಮಯವನ್ನು ಬಾಯಲ್ಲೇ ಹೇಳಿ ಶುರು ಮಾಡಿ. ಯಾರ ಜತೆ ಮಾತಾಡಿದರೂ ಅವರ ಕಾಲ್‌ಸೈನ್ ಪೂರ್ತಿ ನಿಮ್ಮ ಬಾಯಲ್ಲೂ ಬರಲಿ. ಡೌನ್‌ಲಿಂಕ್ (ಸ್ಯಾಟಲೈಟಿನಿಂದ ಬರುವ ಸಿಗ್ನಲ್) ಸೊರಗಿದಾಗ ‘ಬಿ’ಯೋ ‘ಡಿ’ಯೋ ತಿಳಿಯದು, ಆಗ ಕೈಹಿಡಿಯುವುದು ನಿಮ್ಮದೇ ದನಿ. ಫೋನನ್ನು ಹ್ಯಾಂಡಿಗೆ ಅಂಟಿಸಿಡಬೇಡಿ, ಮಾತಾಡಲು ಪಿಟಿಟಿ ಗುಂಡಿ ಒತ್ತಿದೊಡನೆ ರೆಕಾರ್ಡಿಂಗಿನಲ್ಲಿ ಗೊರಗೊರ ತುಂಬುತ್ತದೆ. ಅಂಗಿ ಜೇಬು ಸಾಕು. ಇಯರ್‌ಫೋನ್ ಹಾಕಿದ್ದರೆ ಎದುರಿನವರ ದನಿ ಫೋನಿಗೆ ಕೇಳಿಸುವುದೇ ಇಲ್ಲ, ಮರೆಯಬೇಡಿ.

ಆ ನಾಲ್ಕು ಕಾಂಟ್ಯಾಕ್ಟ್‌ಗಳಲ್ಲಿ ಪ್ರಾಪಗೇಶನ್ ಮೋಡ್ (ಸಿಗ್ನಲ್ ಹೋದ ದಾರಿ) ‘ಸ್ಯಾಟ್’ ಅಂತ ಇದೆಯಾ, ಸ್ಯಾಟಲೈಟ್ ಹೆಸರು ಪಟ್ಟಿಯಲ್ಲಿರುವ ಹಾಗೇ ಇದೆಯಾ ನೋಡಿ. ಎಸ್‌ಒ-50ರ ನಡುವಿನ ಅಡ್ಡಗೆರೆಯೂ ಬೇಕು. ಬಾಹ್ಯಾಕಾಶ ನಿಲ್ದಾಣದ ರಿಪೀಟರ್ (ಸಿಗ್ನಲ್ ಮರುಪ್ರಸಾರ ಮಾಡುವ ರೇಡಿಯೊ) ಆದರೆ ಹೆಸರು ‘ಐಎಸ್‌ಎಸ್’ ಅಲ್ಲ, ‘ಎಆರ್‌ಐಎಸ್‌ಎಸ್’. ಎಸ್‌ಒ-50ಕ್ಕೆ ಬ್ಯಾಂಡ್ 2 ಮೀಟರ್, ರಿಸೀವ್ ಬ್ಯಾಂಡ್ 70 ಸೆಂ.ಮೀ., ಮೋಡ್ ಎಫ್‌ಎಂ. ಡಾಪ್ಲರ್ ಲೆಕ್ಕ (ಸ್ಯಾಟಲೈಟ್ ಓಡುವುದರಿಂದ ಫ್ರೀಕ್ವೆನ್ಸಿ ಸರಿಯುವುದು) ಲಾಗಿಗೆ ಬೇಡ: ಕಳಿಸಿದ್ದು 145.850, ಕೇಳಿದ್ದು 436.795 ಮೆಗಾಹರ್ಟ್ಸ್ ಅಂತಲೇ ಬರೆಯಿರಿ.

ಮರುಪ್ರಶ್ನೆ: ಪ್ರಾಪಗೇಶನ್ ಕಾಲಂ ಖಾಲಿ ಬಿಟ್ಟಿದ್ದೆ! ಇನ್ನೊಂದು, ಬೆಳಗಿನ ಜಾವದ ಪಾಸಿಗೆ ಯಾವ ತಾರೀಖು?

ಉತ್ತರ: ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆಯಿರಿ. 12ರ ಬೆಳಗಿನ 4:50 ಅಂದರೆ ಯುಟಿಸಿಯಲ್ಲಿ 11ನೇ ತಾರೀಖು 23:20. ಎಷ್ಟೋ ಜನ ಗಂಟೆ ಕಳೆದು ತಾರೀಖು ಹಾಗೇ ಬಿಡುತ್ತಾರೆ, ಆಮೇಲೆ ಎದುರಿನವರನ್ನು ಬೈಯುತ್ತಾರೆ.

ಇನ್ನೊಬ್ಬರು (ತುಮಕೂರು): ಗ್ರಿಡ್ಡೂ (ನಿಮ್ಮ ಜಾಗ ಬರುವ ಭೂಪಟದ ಚೌಕದ ಸಂಕೇತ) ನೋಡಿಕೊಳ್ಳಿ. 78 ಡಿಗ್ರಿ ರೇಖಾಂಶ ನಮ್ಮ ಸೀಮೆಯನ್ನು ಸೀಳುತ್ತದೆ. ತುಮಕೂರು, ಚಿಕ್ಕಬಳ್ಳಾಪುರ, ನಂದಿಬೆಟ್ಟ ಎಂಕೆ83; ಚಿಂತಾಮಣಿ, ಕೋಲಾರ, ಮುಳಬಾಗಿಲು ಎಂಕೆ93. ನೀವು ಗೆರೆಯ ಪಕ್ಕದಲ್ಲೇ ಇದ್ದೀರಿ. ಶಿಡ್ಲಘಟ್ಟದ ಕಡೆ ಹೋಗಿ ಆಪರೇಟ್ ಮಾಡಿದರೆ ಲಾಗಿಗೆ ಸಹಿ ಹಾಕುವ ತಂತ್ರಾಂಶ ಟಿಕ್ಯುಎಸ್‌ಎಲ್‌ನಲ್ಲಿ ಬೇರೆ ಸ್ಟೇಷನ್ ಲೊಕೇಶನ್ ಮಾಡಿಕೊಂಡು, ಆ ಕಾಂಟ್ಯಾಕ್ಟ್‌ಗಳನ್ನು ಅದರಲ್ಲೇ ಸೈನ್ ಮಾಡಿ. ಪಾಸಿನಲ್ಲಿ ಗ್ರಿಡ್ ಹೇಳೋದೂ ಅಲ್ಲಿನದ್ದೇ.

ಮರುಪ್ರಶ್ನೆ: ಡಾಪ್ಲರ್ ಲಾಗಿಗೆ ಬೇಡ ಅಂದ್ರಿ, ಕೇಳೋದಕ್ಕೆ?

ಉತ್ತರ: ಅದಕ್ಕೆ ಐದು ಮೆಮೊರಿ ಚಾನೆಲ್: 436.805, .800, .795, .790, .785. ಸ್ಯಾಟಲೈಟ್ ಏರುವಾಗ ಮೇಲಿನದು, ದನಿ ಒರಟಾದಂತೆ ಒಂದೊಂದೇ ಕೆಳಕ್ಕೆ. ಐದರಲ್ಲೂ ಟ್ರಾನ್ಸ್‌ಮಿಟ್ 145.850, ಟೋನ್ (ಮಾತಿನ ಜತೆ ಹೋಗುವ ಸಣ್ಣ ಸ್ವರ) 67.0 ಹರ್ಟ್ಸ್. ಆರನೆಯದಕ್ಕೆ ಮಾತ್ರ 74.4: ಸ್ಯಾಟಲೈಟ್ ಮಲಗಿದ್ದರೆ ಎರಡು ಸೆಕೆಂಡ್ ಒತ್ತಿದರೆ ಹತ್ತು ನಿಮಿಷದ ಟೈಮರ್ ಶುರು. ಸ್ಕ್ವೆಲ್ಚ್ (ದುರ್ಬಲ ಸಿಗ್ನಲ್ ತಡೆಯುವ ಸೆಟ್ಟಿಂಗ್) ಪೂರ್ತಿ ತೆರೆದಿಡಿ. ರೆಕಾರ್ಡಿಂಗ್ ಅದೇ ದಿನ ಕೇಳಿ ಬರೆದುಬಿಡಿ. ಅನುಮಾನ ಇರುವ ಅಕ್ಷರಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಊಹಿಸಿ ತುಂಬಬೇಡಿ.