ಅಮ್ಮನ ಕಾಲು, ಮಾವನ ಬೂಟು

ಗುಂಪು: ಕುಲಶೇಖರ ಮನೆ

ಮಾವ: ಮೇಲೆ ಹಾಕಿದ ಪಟ್ಟಿ ಎಲ್ಲರೂ ನೋಡಿ. ಪಾದಯಾತ್ರೆಗೆ ಬೇಕಾದ 24 ಸಾಮಾನು. ಮೊದಲನೆಯದೇ ಬೂಟು. ಕಣಕಾಲು ಮುಚ್ಚುವಂಥದ್ದು, ಒಳಗೆ ನೀರು ಹೋಗುವುದಿಲ್ಲ. ಆರು ಜೋಡಿ ಒಟ್ಟಿಗೆ ತೆಗೆದರೆ ರೇಟ್ ಕಡಿಮೆ ಉಂಟು. ರಾತ್ರಿಯೊಳಗೆ ಸೈಜ್ ಹೇಳಿ, ಆರ್ಡರ್ ಹಾಕುತ್ತೇನೆ.

ಚಿಕ್ಕಮ್ಮ: ನನ್ನದು 6.

ತಮ್ಮ: 9. ಕಪ್ಪು ಬಣ್ಣ ಸಿಗುತ್ತದಾ ಮಾವ?

ನಾನು: ಮಾವ, ದಯವಿಟ್ಟು ಈಗಲೇ ಹಾಕಬೇಡಿ. ಆ ಬೂಟು ಚಳಿ ಊರಿನ ಬೆಟ್ಟಕ್ಕೆ ಸರಿ. ನಾವು ಹೋಗುವುದು ಶಿವರಾತ್ರಿಗೆ, ಮಂಗಳೂರಿನಿಂದ ಧರ್ಮಸ್ಥಳಕ್ಕೆ. ಬಿ.ಸಿ.ರೋಡ್, ಪುಂಜಾಲಕಟ್ಟೆ, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ. ಎಲ್ಲ ಡಾಂಬರು ರಸ್ತೆ. ಆ ಹೊತ್ತಿನ ಸೆಕೆ ನಿಮಗೆ ಗೊತ್ತಲ್ವಾ? ನೀರು ಒಳಗೆ ಬಿಡದ ಬೂಟು ಬೆವರನ್ನೂ ಹೊರಗೆ ಬಿಡುವುದಿಲ್ಲ. ಬೆವರಲ್ಲಿ ನೆನೆದ ಚರ್ಮ ಮೆತ್ತಗಾಗುತ್ತದೆ. ಉಜ್ಜಿದಲ್ಲೆಲ್ಲ ಗುಳ್ಳೆ ಏಳುತ್ತದೆ.

ಮಾವ: ಚಾರ್ಮಾಡಿ ಘಾಟಿ ಇಳಿದು ಬರುವವರು ಬೂಟು ಹಾಕುವುದಿಲ್ವಾ ಮಾರಾಯ? ಅವರು ಎಷ್ಟೋ ದಿನ ನಡೆಯುತ್ತಾರೆ.

ನಾನು: ನಾನೂ ನೋಡಿದ್ದೇನೆ ಮಾವ. ಬರಿಗಾಲಿನವರು ಎಷ್ಟೋ ಮಂದಿ. ಉಳಿದವರದ್ದು ಚಪ್ಪಲಿ, ಮಾಮೂಲಿ ಸ್ಪೋರ್ಟ್ಸ್ ಶೂ. ನಮ್ಮ ದಾರಿಯಲ್ಲಿ ಘಾಟಿಯೇ ಇಲ್ಲ. ಭಾರ ಬೇರೆ ನೋಡಿ. ನಿಮ್ಮ ಪಟ್ಟಿಯಲ್ಲೇ ಉಂಟು, ಜೋಡಿಗೆ 1.4 ಕಿಲೋ. ಇಲ್ಲಿಂದ ಸುಮಾರು 75 ಕಿಲೋಮೀಟರ್ ಅಂದರೆ ಹತ್ತಿರ ಹತ್ತಿರ 1 ಲಕ್ಷ ಹೆಜ್ಜೆ. ಒಂದೊಂದು ಹೆಜ್ಜೆಗೂ 700 ಗ್ರಾಂ ಎತ್ತಬೇಕು.

ಮೂರು ವರ್ಷದ ಹಿಂದೆ ನಾನು ಹೊಸ ಶೂ ತೆಗೆದುಕೊಂಡು ಮರುದಿನವೇ ಹೊರಟಿದ್ದೆ. ಬಂಟ್ವಾಳ ದಾಟುವಾಗಲೇ ಹಿಮ್ಮಡಿ ಉರಿಯಲು ಶುರುವಾಯಿತು. ಜೊತೆಯವರನ್ನು ನಿಲ್ಲಿಸುವುದು ಬೇಡ ಅಂತ ಸುಮ್ನೆ ನಡೆದೆ. ಗುರುವಾಯನಕೆರೆಯಲ್ಲಿ ಸಾಕ್ಸ್ ತೆಗೆದರೆ ಚರ್ಮವೂ ಜೊತೆಗೆ ಬಂತು. ಅಲ್ಲಿಂದ ಬಸ್ಸಿನಲ್ಲಿ ಹೋದೆ. ಹೆಬ್ಬೆರಳಿನ ಉಗುರು ಕಪ್ಪಾಗಿ ಬಿದ್ದುಹೋಯಿತು. ಉಗುರು ಮತ್ತೆ ಬಂತು. ಹರಕೆ ಅರ್ಧಕ್ಕೆ ನಿಂತದ್ದು ಈಗಲೂ ಮನಸ್ಸಲ್ಲಿ ಉಂಟು. ನಿಮಗ್ಯಾರಿಗೂ ಹಾಗೆ ಆಗಬಾರದು.

ಚಿಕ್ಕಮ್ಮ: ನೀನು ಇದನ್ನು ನಮಗೆ ಹೇಳಲೇ ಇಲ್ಲ ಮಗಾ.

ಮಾವ: ಹಾಗಾದರೆ ಎಂತ ಹಾಕುವುದು? ನೀನೇ ಹೇಳು.

ನಾನು: ಮನೆಯಲ್ಲಿ ಈಗಾಗಲೇ ಹಾಕಿ ಪಳಗಿದ ಶೂ ಇದ್ದರೆ, ಅಟ್ಟೆ ಸವೆದಿಲ್ಲದಿದ್ದರೆ, ಅದೇ. ಇಲ್ಲದವರು ಈ ವಾರವೇ ತೆಗೆಯಿರಿ. ಇನ್ನು ಐದು ವಾರ ಉಂಟು, ಪಳಗಿಸಲು ಸಾಕು. ಅಂಗಡಿಗೆ ಸಂಜೆ ಹೋಗಿ, ಕಾಲು ಆಗ ಸ್ವಲ್ಪ ಊದಿರುತ್ತದೆ. ನಡೆಯುವಾಗ ಇನ್ನೂ ಊದುತ್ತದೆ. ಹಾಗಾಗಿ ಬೆರಳಿನ ಮುಂದೆ ಹೆಬ್ಬೆರಳಿನಷ್ಟು ಅಗಲದ ಜಾಗ ಇರಲಿ. ಹತ್ತಿ ಸಾಕ್ಸ್ ಬೇಡ, ಬೆವರು ಹಿಡಿದುಕೊಂಡು ಒದ್ದೆಯಾಗಿಯೇ ಇರುತ್ತದೆ. ಬೇಗ ಒಣಗುವಂಥದ್ದು ಎರಡು ಮೂರು ಜೋಡಿ ತನ್ನಿ. ಹೊರಡುವ ಮೊದಲು ಬೆರಳ ಸಂದಿಗೆ, ಹಿಮ್ಮಡಿಗೆ ವ್ಯಾಸಲೀನ್. ಎಲ್ಲಾದರೂ ಬಿಸಿಬಿಸಿ ಅನ್ನಿಸಿದ ಕೂಡಲೇ ನಿಂತು ಟೇಪ್ ಹಾಕಬೇಕು. ಮುಂದಿನ ಊರಲ್ಲಿ ನೋಡುವ ಅಂದರೆ ಆಗಲಿಲ್ಲ. ಹವಾಯಿ ಚಪ್ಪಲಿ ಚೀಲದಲ್ಲಿರಲಿ, ಸಂಜೆ ಕಾಲಿಗೆ ಗಾಳಿಯಾಡಲು. ಅದರಲ್ಲೇ ಪೂರ್ತಿ ನಡೆಯಲು ಹೋಗಬೇಡಿ.

ಮಾವ: ಟೆಂಟು? ಕೋಲು?

ನಾನು: ಟೆಂಟು ಬೇಡವೇ ಬೇಡ, ದಾರಿಯಲ್ಲಿ ಮಲಗಲು ಮೊದಲೇ ಮಾತಾಡಿ ಇಡುವ. ಬೈರಾಸು (ಟವೆಲ್), ಒಂದು ಜೊತೆ ಬಟ್ಟೆ, ಟಾರ್ಚ್, ನೀರಿಗೆ ಬೆರೆಸಿ ಕುಡಿಯುವ ಓಆರ್‌ಎಸ್ ಪುಡಿ, ಇಷ್ಟಿದ್ದರೆ ಸಾಕು. ನಿಮ್ಮ ಪಟ್ಟಿಯಲ್ಲಿ ನನಗೆ ತುಂಬ ಒಳ್ಳೆಯದು ಅನ್ನಿಸಿದ್ದು 17ನೆಯದು, ಬೆಳಕು ಬಿದ್ದರೆ ಹೊಳೆಯುವ ಜಾಕೆಟ್. ಅದು ಆರು ತರಿಸಿ ಮಾವ. ನಾವು ನಸುಕಿನಲ್ಲಿ ಹೊರಡುವವರು. ರಸ್ತೆಯ ಬಲಬದಿಯಲ್ಲಿ, ಎದುರಿನ ಗಾಡಿ ಕಾಣುವ ಹಾಗೆ ನಡೆಯುವ.

ಅಮ್ಮ: ನನಗೆ ಶೂವೂ ಬೇಡ, ಸಾಕ್ಸೂ ಬೇಡ. ನಾನು ಬರಿಗಾಲಲ್ಲಿ ಬರುತ್ತೇನೆ.

ಮಾವ: ಅಕ್ಕ, ನಿನಗೆ ಶುಗರ್ ಉಂಟಲ್ಲ.

ಅಮ್ಮ: ದೇವರ ಹತ್ತಿರ ಹೋಗುವಾಗ ಚಪ್ಪಲಿ ಮೆಟ್ಟಿಕೊಂಡು ಹೋಗುವುದಾ? ನಮ್ಮ ಅಜ್ಜಿ ಹಾಗೆ ಹೋಗಿದ್ದಾರಾ?

ನಾನು: ಅಮ್ಮ, ಅಜ್ಜಿ ನಡೆದ ದಾರಿ ಬೇರೆ. ಮಣ್ಣು, ಮರದ ನೆರಳು. ಈಗ ಹತ್ತು ಗಂಟೆಗೇ ಡಾಂಬರು ಸುಡುತ್ತದೆ. ಕಳೆದ ವರ್ಷ ಜಾತ್ರೆಗೆ ಮಧ್ಯಾಹ್ನ ಬರಿಗಾಲಲ್ಲಿ ಹೋಗಿ ಬಂದೆ, ನೆನಪಿದೆಯಾ? ಅಂಗಾಲಲ್ಲಿ ಅಷ್ಟು ದೊಡ್ಡ ಗುಳ್ಳೆ. ನಿನಗೆ ಗೊತ್ತಾದದ್ದು ರಾತ್ರಿ ಕಾಲು ತೊಳೆಯುವಾಗ. ನನಗೆ ಹೆದರಿಕೆ ಆದದ್ದು ಗುಳ್ಳೆ ನೋಡಿ ಅಲ್ಲ, ನಿನಗೆ ನೋವೇ ಆಗಲಿಲ್ಲ ಅಂತ ಹೇಳಿದ್ದಕ್ಕೆ. ಶುಗರಿನಿಂದ ಕಾಲಿನ ನರ ಸೋತರೆ ಹಾಗೇ. ಗಾಜು ಚುಚ್ಚಿದರೂ ಗೊತ್ತಾಗುವುದಿಲ್ಲ. ಗಾಯ ಬೇಗ ಮಾಗುವುದೂ ಇಲ್ಲ.

ಅಮ್ಮ: ಹರಕೆ ಹರಕೆಯೇ.

ನಾನು: ಹರಕೆ ಹೇಳುವಾಗ ನಾನು ಪಕ್ಕದಲ್ಲೇ ಇದ್ದೆ. "ನಡೆದು ಬರುತ್ತೇನೆ ಸ್ವಾಮಿ" ಅಂದೆ ನೀನು. ಬರಿಗಾಲಲ್ಲಿ ಅಂತ ಹೇಳಲಿಲ್ಲ.

ಚಿಕ್ಕಮ್ಮ: ಅದು ನಿಜ ಅಕ್ಕ. ನಾನೂ ಇದ್ದೆ.

ತಮ್ಮ: ಅಮ್ಮ, ನೀನು ಬರಿಗಾಲಲ್ಲಿ ಹೊರಟರೆ ನಾನು ಬೆಂಗಳೂರಿನಿಂದ ಬರುವುದೇ ಇಲ್ಲ. ಅಣ್ಣ ಹೇಳಿದ ಹಾಗೆ ಕೇಳು.

ಮಾವ: ಅಕ್ಕ, ಒಂದು ಮಾತು. ನೇತ್ರಾವತಿ ಸ್ನಾನಘಟ್ಟದ ತನಕ ಶೂ ಹಾಕು. ಅಲ್ಲಿ ಮಿಂದು, ಆಮೇಲೆ ಬರಿಗಾಲು. 3 ಕಿಲೋಮೀಟರ್ ಅಷ್ಟೇ.

ಅಮ್ಮ: ಅದು ಆಗಬಹುದು.

ನಾನು: ಮಾವ, ಆ 3 ಕಿಲೋಮೀಟರ್ ಕೂಡ ರಸ್ತೆಯೇ. ನಾನು ಒಪ್ಪುವುದಿಲ್ಲ. ದೇವಸ್ಥಾನದ ಹೊರಗೆ ಹೇಗೂ ಎಲ್ಲರೂ ಬಿಚ್ಚಲೇಬೇಕಲ್ಲ, ಅಲ್ಲಿಂದ ಬರಿಗಾಲು ಸಾಕು.

ಅಮ್ಮ: ಅಷ್ಟೂ ಬಿಡಲಾಗುವುದಿಲ್ಲ ಮಗಾ.

ನಾನು: ಸರಿ. ಸೋಮವಾರ ಶುಗರ್ ಚೆಕ್‌ಅಪ್ ಉಂಟಲ್ಲ, ಡಾಕ್ಟರಿಗೆ ಕಾಲು ತೋರಿಸುವ. ಅವರು ಬೇಡ ಅಂದರೆ ಬೇಡ. ಆಗಬಹುದು ಅಂದರೆ ಬಿಸಿಲೇರುವ ಮೊದಲು, ನನ್ನ ಕೈ ಹಿಡಿದು. ಏನೇ ಆದರೂ ದಾರಿಯುದ್ದಕ್ಕೂ ದಿನಾ ರಾತ್ರಿ ನಿನ್ನ ಅಂಗಾಲು ನಾನೇ ನೋಡುತ್ತೇನೆ, ಇದಕ್ಕೆ ಬೇಡ ಅನ್ನಬಾರದು.

ಅಮ್ಮ: ಆಯಿತು. ಬೆರಳಿಗೆ ಒತ್ತದ ಶೂ ಆಗಬೇಕು.

ಮಾವ: ಬೂಟಿನ ಆರ್ಡರ್ ಬಿಟ್ಟೆ. ಜಾಕೆಟ್ ಆರು ಹಾಕಿದ್ದೇನೆ. ನಾಳೆ ಸಂಜೆ ಅಕ್ಕನನ್ನು ಅಂಗಡಿಗೆ ನಾನು ಕರೆದುಕೊಂಡು ಹೋಗುತ್ತೇನೆ.

ನಾನು: ಎರಡೂ ಕಾಲಿಗೆ ಹಾಕಿಸಿ ನಡೆಸಿ ನೋಡಿ ಮಾವ. ಅಮ್ಮನ ಎಡಗಾಲು ಸ್ವಲ್ಪ ದೊಡ್ಡದು. ಭಾನುವಾರ ಬೆಳಿಗ್ಗೆ 5ಕ್ಕೆ ಪಡೀಲಿನಿಂದ ಫರಂಗಿಪೇಟೆ ತನಕ ಒಮ್ಮೆ ನಡೆದು ನೋಡುವ, ಅವರವರ ಶೂ, ಅವರವರ ಚೀಲ ಹೊತ್ತು.

ಚಿಕ್ಕಮ್ಮ: ನಾನು ಫರಂಗಿಪೇಟೆಗೆ ಗಂಜಿ, ಚಟ್ನಿ ಕಟ್ಟಿಕೊಂಡು ಬರುತ್ತೇನೆ.