ಅಪ್‌ಡೇಟ್: ಕೊನೆಗೂ ಏರ್ ಫೋರ್ಕ್ ಹಾಕಿಸಿದೆ

ಹೊಸ ಹಾರ್ಡ್‌ಟೇಲ್‌ಗೆ (ಮುಂದಿನ ಫೋರ್ಕಿನಲ್ಲಿ ಮಾತ್ರ ಸಸ್ಪೆನ್ಷನ್ ಇರುವ ಗುಡ್ಡಗಾಡು ಸೈಕಲ್) 100 ಎಂಎಂ ಕುಗ್ಗುವ ಕಾಯಿಲ್ (ಸ್ಪ್ರಿಂಗ್) ಫೋರ್ಕ್ ಸಾಕಾ, 120 ಎಂಎಂ ಕುಗ್ಗುವ ಏರ್ (ಗಾಳಿ ತುಂಬುವ) ಫೋರ್ಕ್ ಬೇಕಾ ಅಂತ ಮಳೆಗಾಲಕ್ಕೆ ಮುಂಚೆ ಇಲ್ಲಿ ಕೇಳಿದ್ದೆ. ಏರ್ ತಗೊಂಡೆ. ನನ್ನ ತೂಕ 58 ಕೆಜಿ. ಗೆಳೆಯನ ಕಾಯಿಲ್ ಫೋರ್ಕ್ ಓಡಿಸಿ ನೋಡಿದೆ, ಸ್ಪ್ರಿಂಗ್ ನನಗೆ ತುಂಬಾ ಗಟ್ಟಿ. ಅರ್ಧದಷ್ಟೂ ಇಳಿಯಲಿಲ್ಲ. ಏರ್ ಆದರೆ ಶಾಕ್ ಪಂಪ್ ಹಾಕಿ ಗಾಳಿ ಕಮ್ಮಿ ಮಾಡಿದರೆ ಆಯ್ತು.

ಸ್ಯಾಗ್, ಅಂದರೆ ಸವಾರ ಹತ್ತಿದಾಗ ಅವರ ಭಾರಕ್ಕೆ ಫೋರ್ಕ್ ಎಷ್ಟು ಕುಗ್ಗುತ್ತದೆ ಅನ್ನೋದನ್ನು ನೋಡಿಕೊಳ್ಳಿ ಅಂದಿದ್ರಲ್ಲ, ಅದು ದೊಡ್ಡ ಉಪಕಾರ. ಫೋರ್ಕಿನ ಕಾಲಿನ ಮೇಲಿರುವ ರಬ್ಬರ್ ರಿಂಗನ್ನು ಸೀಲಿಗೆ (ಮೇಲಿನ ಕಾಲು ಕೆಳಗಿನದರೊಳಗೆ ಹೋಗುವ ಜಾಗದ ರಬ್ಬರ್ ತಡೆ) ತಾಗಿಸಿ, ಮೆಲ್ಲಗೆ ಹತ್ತಿ ನಿಂತು ಇಳಿದೆ. ರಿಂಗ್ 15 ಎಂಎಂ ಮೇಲೆ ನಿಂತಿತ್ತು. ಗಾಳಿ ಸ್ವಲ್ಪ ಸ್ವಲ್ಪವೇ ಬಿಟ್ಟು 26ಕ್ಕೆ ತಂದೆ, ಅಂದರೆ 120 ಎಂಎಂನ ಶೇಕಡಾ 20ಕ್ಕಿಂತ ತುಸು ಜಾಸ್ತಿ. ಮಾಂದಲ್‌ಪಟ್ಟಿ ಜೀಪ್ ದಾರಿಯ ಕಲ್ಲುಗಳ ಮೇಲೆ ಮುಂದಿನ ಚಕ್ರ ಈಗ ಪುಟಿಯುವುದಿಲ್ಲ. ಕೈ ಜೋಮು ಹಿಡಿಯುವುದೂ ನಿಂತಿದೆ.

ಇನ್ನು ನಮ್ಮ ಕೆಸರಿನ ಚಿಂತೆ. ಕಾಫಿ ತೋಟದ ದಾರಿಯಲ್ಲಿ ಒಂದು ಸುತ್ತು ಹೋಗಿ ಬಂದರೆ ಸೀಲಿನ ಸುತ್ತ ಕೆಮ್ಮಣ್ಣು ಬಳೆಯ ಹಾಗೆ ಕೂತಿರುತ್ತದೆ. ಪ್ರೆಷರ್ ವಾಷರ್ ಬೇಡವೇ ಬೇಡ, ನೀರು ಒಳಗೆ ನುಗ್ಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. 50 ಗಂಟೆ ಓಡಿದ ಮೇಲೆ ಫೋರ್ಕಿನ ಕೆಳಗಿನ ಕಾಲು ಬಿಚ್ಚಿ ಎಣ್ಣೆ ಬದಲಿಸಬೇಕಂತೆ. ಈ ಮಳೆಯಲ್ಲಿ ಅಲ್ಲಿವರೆಗೆ ಕಾಯಲ್ಲ, ಮುಂದಿನ ವಾರವೇ ಬಿಚ್ಚುತ್ತೇನೆ.