ಪದಚರ್ಚೆ: ಪ್ರೆಪ್‌ಗೆ ‘ಪ್ರತಿರೋಧ ಔಷಧ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನಲ್ಲಿ ಕನ್ನಡ ಕರಪತ್ರ ಹೇಗೆ ಹುಟ್ಟುತ್ತದೆ ಎಂಬುದು ಇಲ್ಲಿ ಹಲವರಿಗೆ ಗೊತ್ತು. ಮೊದಲು ಮಲಯಾಳದಲ್ಲಿ ಬರೆಯುತ್ತಾರೆ. ಆಮೇಲೆ ಯಾರಿಗಾದರೂ ಕೊಟ್ಟು, ನಾಳೆಗೇ ಕನ್ನಡ ಮಾಡಿ ಕೊಡಿ ಎನ್ನುತ್ತಾರೆ. ಅರ್ಧಕ್ಕರ್ಧ ಸಂಸ್ಕೃತ ಪದಗಳೇ ಇರುವುದರಿಂದ ಲಿಪಿ ಬದಲಿಸಿದರೆ ಸಾಕು ಅನ್ನಿಸುತ್ತದೆ. ಆದರೆ ಮಲಯಾಳದ ‘ಅವಸರ’ ನಮ್ಮ ಅವಸರವಲ್ಲ, ಅದು ಅವಕಾಶ. ಅವರ ‘ಸಂಸಾರ’ ಅಂದರೆ ಮಾತುಕತೆ, ನಮ್ಮದು ಹೆಂಡತಿ ಮಕ್ಕಳು. ಇಂಥವನ್ನು ಓದಿ ನಕ್ಕು ಸುಮ್ಮನಾಗುತ್ತೇವೆ.

ಈ ಸಲ ನನ್ನ ಮುಂದಿರುವುದು ಗೇ ಮತ್ತು ಬೈಸೆಕ್ಷುವಲ್ ಗಂಡಸರಿಗಾಗಿ ಮಾಡಿದ ಎರಡು ಪುಟದ ಕರಪತ್ರ. ವಿಷಯ ಪ್ರೆಪ್. ಕನ್ನಡ ಕರಡು ಬೇರೆಯವರದು, ತಿದ್ದಿ ಕೊಡುವುದು ನನ್ನ ಪಾಲಿನ ಕೆಲಸ. ಒಂದೆರಡು ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಅದಕ್ಕೆ ಈ ಪತ್ರ.

ಪ್ರೆಪ್ ಎಂತ ಎಂದು ಗೊತ್ತಿಲ್ಲದವರಿಗೆ: ಎಚ್‌ಐವಿ ಇಲ್ಲದವರು, ಅದು ತಗಲಬಾರದು ಎಂದು ಮೊದಲೇ ತೆಗೆದುಕೊಳ್ಳುವ ಮದ್ದು ಅದು. ಹೆಚ್ಚು ಬಳಕೆಯಲ್ಲಿರುವುದು ಟೆನೊಫೊವಿರ್ 300 ಮಿಲಿಗ್ರಾಂ, ಎಮ್‌ಟ್ರಿಸಿಟಾಬಿನ್ 200 ಮಿಲಿಗ್ರಾಂ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು. 2010ರಲ್ಲಿ ಐಪ್ರೆಕ್ಸ್ ಎಂಬ ಪ್ರಯೋಗದ ಫಲಿತಾಂಶ ಬಂತು. ಆರು ದೇಶಗಳ 2,499 ಮಂದಿ ಅದರಲ್ಲಿದ್ದರು. ಗಂಡಸರ ಜೊತೆ ಸಂಬಂಧ ಇರುವ ಗಂಡಸರು ಮತ್ತು ಟ್ರಾನ್ಸ್ ಮಹಿಳೆಯರು. ಮಾತ್ರೆ ಕೊಟ್ಟ ಗುಂಪಿನಲ್ಲಿ ಸೋಂಕು ಶೇಕಡಾ 44ರಷ್ಟು ಕಡಿಮೆಯಾಗಿತ್ತು. ಇಷ್ಟೇನಾ ಅನ್ನಿಸಬಹುದು. ಕೊಟ್ಟ ಮಾತ್ರೆಯನ್ನು ಎಲ್ಲರೂ ನುಂಗಿರಲಿಲ್ಲ, ಅದೇ ಕಾರಣ. ರಕ್ತದಲ್ಲಿ ಮದ್ದು ಕಂಡುಬಂದವರಲ್ಲಿ ರಕ್ಷಣೆ ಶೇಕಡಾ 90 ದಾಟಿತ್ತು. 2012ರಲ್ಲಿ ಅಮೆರಿಕದಲ್ಲಿ ಈ ಮಾತ್ರೆಯನ್ನು ಪ್ರೆಪ್ ಆಗಿ ಕೊಡಲು ಒಪ್ಪಿಗೆ ಸಿಕ್ಕಿತು. ತಪ್ಪದೆ ತೆಗೆದುಕೊಂಡರೆ ಲೈಂಗಿಕ ಸಂಪರ್ಕದಿಂದ ತಗಲುವ ಅಪಾಯ ಸುಮಾರು ಶೇಕಡಾ 99ರಷ್ಟು ಇಳಿಯುತ್ತದೆ ಎಂದು ಅಲ್ಲಿನ ಸರಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ಸಿಫಿಲಿಸ್, ಗೊನೊರಿಯಾಗಳನ್ನು ಇದು ತಡೆಯುವುದಿಲ್ಲ, ಅದಕ್ಕೆ ಕಾಂಡೋಮೇ ಬೇಕು.

ಕರಡಿನಲ್ಲಿ ಇದಕ್ಕೆ ‘ಎಚ್‌ಐವಿ ಪ್ರತಿರೋಧ ಔಷಧ’ ಎಂದಿದೆ. ಮಲಯಾಳದಲ್ಲಿ ಇದು ತೀರಾ ದಿನಬಳಕೆಯ ಮಾತು. ಅಲ್ಲಿ ಪ್ರತಿರೋಧ ಅಂದರೆ ತಡೆಯುವುದು, ಕಾಪಾಡಿಕೊಳ್ಳುವುದು. ಮಕ್ಕಳಿಗೆ ಹಾಕಿಸುವ ಲಸಿಕೆಯೂ ‘ಪ್ರತಿರೋಧ ಕುತ್ತಿವೆಪ್ಪ್’. ಕನ್ನಡದಲ್ಲಿ ಪ್ರತಿರೋಧ ಅಂದರೆ ಎದುರು ನಿಲ್ಲುವುದು, ಬಗ್ಗದಿರುವುದು. ವೈದ್ಯಕೀಯ ಬರಹಗಳಲ್ಲಿ ‘ಔಷಧ ಪ್ರತಿರೋಧ’ ಅಂದರೆ ರೋಗಾಣು ಮದ್ದಿಗೆ ಬಗ್ಗದೆ ನಿಲ್ಲುವುದು. ಅಂದರೆ ನಮಗೆ ಅದು ಕೆಟ್ಟ ಸುದ್ದಿ.

ಬೇರೆ ಕರಪತ್ರವಾಗಿದ್ದರೆ ಇರಲಿ ಬಿಡಿ ಅನ್ನುತ್ತಿದ್ದೆ. ಇಲ್ಲಿ ಆ ಕೆಟ್ಟ ಸುದ್ದಿಯನ್ನೂ ಅದೇ ಪುಟದಲ್ಲಿ ಹೇಳಬೇಕಾಗಿದೆ. ಪ್ರೆಪ್ ಶುರು ಮಾಡುವ ಮೊದಲು ಎಚ್‌ಐವಿ ಪರೀಕ್ಷೆ ಆಗಲೇಬೇಕು, ಆಮೇಲೆ ಮೂರು ತಿಂಗಳಿಗೊಮ್ಮೆ. ಸೋಂಕು ಆಗಲೇ ಇದ್ದು, ಅದು ಗೊತ್ತಿಲ್ಲದೆ ಈ ಮಾತ್ರೆ ತೆಗೆದುಕೊಂಡರೆ, ವೈರಸ್ಸನ್ನು ಪೂರ್ತಿ ಅದುಮಲು ಇದರಲ್ಲಿರುವ ಎರಡು ಮದ್ದು ಸಾಲುವುದಿಲ್ಲ. ವೈರಸ್ ಅವಕ್ಕೆ ಬಗ್ಗದ ಹಾಗೆ ಬದಲಾಗಬಹುದು. ಚಿಕಿತ್ಸೆಯ ಮಾತ್ರೆಯಲ್ಲೂ ಟೆನೊಫೊವಿರ್ ಇರುತ್ತದೆ, ಹಾಗಾಗಿ ಮುಂದೆ ಚಿಕಿತ್ಸೆಗೂ ತೊಂದರೆ. ಇದನ್ನೇ ಕರಡು ಹೀಗೆ ಹೇಳುತ್ತದೆ: ‘ಪರೀಕ್ಷೆಯಿಲ್ಲದೆ ಪ್ರತಿರೋಧ ಔಷಧ ಸೇವಿಸಿದಲ್ಲಿ ಔಷಧ ಪ್ರತಿರೋಧ ಉಂಟಾಗುವ ಸಾಧ್ಯತೆಯಿದೆ.’ ಇದನ್ನು ಓದಿದವನು ಎರಡೂ ಒಂದೇ ಎಂದುಕೊಂಡರೆ ತಪ್ಪು ಅವನದಲ್ಲ. ಪರೀಕ್ಷೆ ಮಾಡಿಸದಿದ್ದರೂ ಪ್ರತಿರೋಧ ಬರುತ್ತದಲ್ಲ, ಒಳ್ಳೆಯದೇ ಆಯಿತು ಎಂದೂ ಅವನು ತಿಳಿದುಕೊಳ್ಳಬಹುದು!

ಎರಡನೆಯದಕ್ಕೆ, ಅಂದರೆ ‘ಔಷಧ ಪ್ರತಿರೋಧ’ಕ್ಕೆ, ನನ್ನ ಹತ್ತಿರ ಒಂದು ದಾರಿ ಉಂಟು. ನಮ್ಮ ಕಡೆ ‘ಮದ್ದು ನಾಟಲಿಲ್ಲ’ ಅನ್ನುತ್ತೇವೆ. ‘ಆಮೇಲೆ ಮದ್ದು ನಾಟದೆ ಹೋಗಬಹುದು’ ಎಂದು ಬರೆದರೆ ಕುಂಬಳೆಯಿಂದ ಬದಿಯಡ್ಕದವರೆಗೆ ಯಾರಿಗೂ ಅರ್ಥವಾಗುತ್ತದೆ. ಕಷ್ಟ ಇರುವುದು ಮೊದಲನೆಯದರಲ್ಲಿ.

‘ನಿರೋಧಕ’ ಎಂದು ತಿದ್ದೋಣ ಅಂದುಕೊಂಡೆ. ಆಗದು. ‘ನಿರೋಧಕ ಮಾತ್ರೆ’ ಅಂದ ತಕ್ಷಣ ಅದರ ಹಿಂದೆ ಗರ್ಭ ಬಂದು ಕೂರುತ್ತದೆ. ಮಾತ್ರೆ ಎಂಬುದನ್ನು ಬಿಟ್ಟು ಬರೀ ‘ಎಚ್‌ಐವಿ ನಿರೋಧಕ’ ಎಂದರೆ ಸ್ವಲ್ಪ ವಯಸ್ಸಾದವರಿಗೆ ನೆನಪಾಗುವುದು 1968ರಲ್ಲಿ ಸರಕಾರ ತಂದ ನಿರೋಧ್. ‘ರೋಗನಿರೋಧಕ’ ಅಂದರೆ ಚ್ಯವನಪ್ರಾಶದ ಜಾಹೀರಾತು. ಇನ್ನು ‘ಸಂಪರ್ಕಪೂರ್ವ ರೋಗತಡೆ ಚಿಕಿತ್ಸೆ’ ಎಂದು ಒಬ್ಬರು ಸೂಚಿಸಿದರು. ರೋಗ ಇಲ್ಲದವನಿಗೆ ಚಿಕಿತ್ಸೆ ಎಂತದು?

ರೋಗ ಬರುವ ಮೊದಲೇ ಮದ್ದು ತೆಗೆದುಕೊಳ್ಳುವುದು ನಮ್ಮ ಜನಕ್ಕೆ ಹೊಸದೇನಲ್ಲ. ಮಳೆಗಾಲದಲ್ಲಿ ಗದ್ದೆ, ತೋಡುಗಳಲ್ಲಿ ಕೆಲಸ ಮಾಡುವವರಿಗೆ ಇಲಿಜ್ವರ ಬಾರದ ಹಾಗೆ ಡಾಕ್ಸಿಸೈಕ್ಲಿನ್ ಕೊಡುತ್ತಾರೆ, ವಾರಕ್ಕೊಮ್ಮೆ 200 ಮಿಲಿಗ್ರಾಂ. ಅದನ್ನು ಮಲಯಾಳದಲ್ಲಿ ಏನೇ ಅನ್ನಲಿ, ಕನ್ನಡದವರು ‘ಇಲಿಜ್ವರದ ಮಾತ್ರೆ’ ಎಂದು ಹೇಳಿ ಮುಗಿಸುತ್ತಾರೆ. ಅದನ್ನು ನುಂಗಿದವನಿಗೆ ಇಲಿಜ್ವರ ಇದೆ ಎಂದು ಯಾರೂ ಭಾವಿಸುವುದಿಲ್ಲ. ಹಾಗಾದರೆ ಇದನ್ನೂ ‘ಎಚ್‌ಐವಿ ಮಾತ್ರೆ’ ಎಂದರೆ ಆಗದೇ?

ಆಗುವುದಿಲ್ಲ. ಈ ಕರಪತ್ರ ಯಾರಿಗಾಗಿಯೋ ಅವರಲ್ಲಿ ಒಬ್ಬರಿಬ್ಬರ ಜೊತೆ ಮಾತಾಡಿದೆ. ಇಬ್ಬರೂ ಹೇಳಿದ್ದು ಒಂದೇ. ಮಾತ್ರೆ ನುಂಗುವುದು ಕಷ್ಟವಲ್ಲ, ಡಬ್ಬಿ ಇಡುವುದು ಕಷ್ಟ. ಅಮ್ಮ, ಅತ್ತಿಗೆ, ತಮ್ಮ ಎಲ್ಲರೂ ಇರುವ ಮನೆಯಲ್ಲಿ ಕಪಾಟಿಗೆ ಬೀಗ ಇರುವುದಿಲ್ಲ. ಡಬ್ಬಿಯ ಮೇಲಿನ ಹೆಸರನ್ನು ಫೋನಿನಲ್ಲಿ ಹುಡುಕಿದರೆ ಮೊದಲು ಬರುವುದೇ ಎಚ್‌ಐವಿ ಚಿಕಿತ್ಸೆ. ಎಚ್‌ಐವಿ ಬಾರದಿರಲಿ ಎಂದು ಜಾಗ್ರತೆ ಮಾಡಿದವನ ಮೇಲೆ ಅದೇ ಇದೆ ಎಂಬ ಅಪವಾದ ಬರುತ್ತದೆ. ಅದರ ಹಿಂದೆಯೇ, ನಿನಗೆ ಇದು ಯಾಕೆ ಬೇಕಾಯಿತು ಎಂಬ ಪ್ರಶ್ನೆ. ಅವರಿಗೆ ಎರಡನೆಯದರ ಹೆದರಿಕೆಯೇ ಜಾಸ್ತಿ. ಗಂಡಸರ ನಡುವಿನ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮಿನಿಂದ 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಡಿಸಿರಬಹುದು, ಮನೆಯ ಜಗಲಿಗೆ ಆ ತೀರ್ಪು ಇನ್ನೂ ಬಂದಿಲ್ಲ. ಆದ್ದರಿಂದ ಹೆಸರಿನಲ್ಲಿ ‘ಬಾರದಂತೆ’ ಎಂಬ ಅರ್ಥ ಒಂದೇ ಏಟಿಗೆ ಕಾಣಬೇಕು. ಯಾರಾದರೂ ಕೇಳಿದರೆ ಅವನು ಒಂದು ಮಾತಿನಲ್ಲಿ ಉತ್ತರ ಹೇಳುವಂತಿರಬೇಕು.

ಇದರಲ್ಲಿ ಕೇರಳದವರ ಒಂದು ಜಾಣತನ ಮೆಚ್ಚಬೇಕು. ಎಚ್‌ಐವಿ ಪರೀಕ್ಷೆಯ ಕೇಂದ್ರಕ್ಕೆ ಇಲ್ಲಿ ‘ಜ್ಯೋತಿಸ್’ ಎಂದು ಹೆಸರು. ಚಿಕಿತ್ಸೆಯದು ‘ಉಷಸ್’, ಲೈಂಗಿಕ ರೋಗಗಳ ಕ್ಲಿನಿಕ್ ‘ಪುಲರಿ’, ಅಂದರೆ ಬೆಳಗು. ಬೋರ್ಡು ನೋಡಿದವರಿಗೆ ಒಳಗೆ ಎಂತ ನಡೆಯುತ್ತದೆ ಎಂದು ಗೊತ್ತಾಗದು. ಕರ್ನಾಟಕದ ‘ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ’ ಓದಿ ಮುಗಿಸುವಷ್ಟರಲ್ಲಿ ಹಿಂದಿನಿಂದ ಪರಿಚಯದವರು ಯಾರಾದರೂ ಬಂದಿರುತ್ತಾರೆ.

ನನಗೆ ಸರಿ ಕಾಣುವುದು ‘ತಡೆಮದ್ದು’. ನಮ್ಮ ಕಡೆ ಡಾಕ್ಟರು ಕೊಡುವುದೂ ಮದ್ದು, ಅಜ್ಜಿ ಅರೆದು ಕೊಡುವುದೂ ಮದ್ದು. ತುಳುವಿನಲ್ಲಿ ಮರ್ದ್, ಮಲಯಾಳದಲ್ಲಿ ಮರುನ್ನ್, ಹಳಗನ್ನಡದಲ್ಲಿ ಮರ್ದು. ಎಲ್ಲರ ನಾಲಿಗೆಗೂ ಒಗ್ಗುವ ಪದ. ಹೊಸೂರು, ತಾಳವಾಡಿ ಕಡೆಯವರಿಗೂ ಹೊಸತೆನಿಸದು. ತಮಿಳಿನಲ್ಲೂ ‘ತಡುಪ್ಪು ಮರುಂದು’ ಎಂಬ ಮಾತು ಇದೆಯಲ್ಲ. ‘ಮಾತ್ರೆ’ ಎಂದು ಹೆಸರಿನಲ್ಲಿ ಸೇರಿಸದಿರಲು ಬೇರೆ ಕಾರಣವೂ ಇದೆ. ಎರಡು ತಿಂಗಳಿಗೊಮ್ಮೆ ಚುಚ್ಚುವ ಕ್ಯಾಬೊಟೆಗ್ರಾವಿರ್‌ಗೆ ಪ್ರೆಪ್ ಆಗಿ 2021ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಆರು ತಿಂಗಳಿಗೊಮ್ಮೆ ಚುಚ್ಚುವ ಲೆನಾಕಪಾವಿರ್‌ಗೂ ಹಾಗೆಯೇ 2025ರಲ್ಲಿ ಸಿಕ್ಕಿತು. ನಾಳೆ ಇವು ಇಲ್ಲಿಗೆ ಬಂದರೆ ಮಲಯಾಳದ ಕರಪತ್ರದಲ್ಲಿ ‘ಪ್ರತಿರೋಧ ಕುತ್ತಿವೆಪ್ಪ್’ ಎಂದೇ ಬರುತ್ತದೆ. ಕನ್ನಡದ ಅನುವಾದಕ ಕಣ್ಣುಮುಚ್ಚಿ ‘ಲಸಿಕೆ’ ಎಂದು ಬರೆಯುತ್ತಾನೆ. ಅದು ಲಸಿಕೆಯಲ್ಲ. ಲಸಿಕೆ ಮೈಗೆ ಹೋರಾಟ ಕಲಿಸಿ ಹೋಗುತ್ತದೆ. ಇಲ್ಲಿ ಮದ್ದು ಮೈಯಲ್ಲಿ ಇರುವಷ್ಟು ದಿನ ಮಾತ್ರ ಕಾವಲು.

ತಡೆಮದ್ದಿಗೆ ತೊಡಕಿಲ್ಲ ಎಂದಲ್ಲ. ಘಟ್ಟದ ಮೇಲೆ ಮದ್ದು ಅಂದರೆ ಕೋವಿಯ ಮದ್ದೂ ಹೌದು. ‘ಮದ್ದು ಹಾಕಿದರು’ ಅಂದರೆ ಊಟದಲ್ಲಿ ಏನೋ ಬೆರೆಸಿ ಕೊಟ್ಟರು ಎಂಬ ಅರ್ಥವೂ ಇದೆ. ಇದು ಕಾಸರಗೋಡಿನ ಕರಪತ್ರ, ಹಾಗಾಗಿ ನನಗೆ ಅದರ ಚಿಂತೆ ಕಡಿಮೆ. ಆದರೂ ರಾಯಚೂರಿನವರು, ಅಕ್ಕಲಕೋಟೆಯವರು ಏನನ್ನುತ್ತಾರೆ ಎಂಬ ಕುತೂಹಲ ಇದೆ.

ಪ್ರೆಪ್ ಎಂಬ ಹೆಸರನ್ನು ಪೂರ್ತಿ ಬಿಡುವ ಹಾಗೂ ಇಲ್ಲ. ಬಳಸುವವರು ಹೇಳುವುದು ಅದನ್ನೇ. ಅದರ ಪಕ್ಕದಲ್ಲಿ ‘ಪೆಪ್’ ಬೇರೆ ಇದೆ. ಎಚ್‌ಐವಿ ತಗಲಿರಬಹುದು ಎಂಬ ಸಂದರ್ಭ ಆದ ಮೇಲೆ 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳುವ ಮದ್ದು ಅದು. ಕರಡಿನಲ್ಲಿ ಎರಡೂ ಒಂದೇ ಸಾಲಿನಲ್ಲಿವೆ. ಆಡುಮಾತಿನಲ್ಲಿ ಒತ್ತಕ್ಷರ ಬಾಯಿಂದ ಜಾರಿಬಿಟ್ಟರೆ ಪ್ರೆಪ್ಪೂ ಪೆಪ್ಪೇ. ಹಾಗಾಗಿ ‘ಮುಂಚಿನ ತಡೆಮದ್ದು’, ‘ಆಮೇಲಿನ ತಡೆಮದ್ದು’ ಎಂದು ಬಿಡಿಸಿ ಬರೆದಿದ್ದೇನೆ. ಕಿವಿಗೆ ಸ್ವಲ್ಪ ಒರಟು, ಅಲ್ವಾ?

ಇನ್ನೊಂದು ಪದ ಕೇಳಿದರೆ ನಗುತ್ತೀರಿ. ದಿನಾ ತೆಗೆದುಕೊಳ್ಳದೆ, ಬೇಕಾದಾಗ ಮಾತ್ರ ತೆಗೆದುಕೊಳ್ಳುವ ಕ್ರಮವೊಂದಿದೆ. ಸೇರುವುದಕ್ಕೆ 2ರಿಂದ 24 ಗಂಟೆ ಮೊದಲು ಎರಡು ಮಾತ್ರೆ, ಆ ಎರಡು ನುಂಗಿ 24 ಗಂಟೆಗೆ ಒಂದು, 48 ಗಂಟೆಗೆ ಇನ್ನೊಂದು. ಗಂಡಸರ ಜೊತೆ ಸೇರುವ ಗಂಡಸರಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಫ್ರಾನ್ಸ್ ಮತ್ತು ಕೆನಡಾದಲ್ಲಿ ನಡೆದ ಪ್ರಯೋಗ ತೋರಿಸಿತು. ಹೆಪಟೈಟಿಸ್ ಬಿ ಇರುವವರಿಗೆ ಈ ಕ್ರಮ ಹೇಳಿದ್ದಲ್ಲ. ಕರಡಿನಲ್ಲಿ ಇದರ ಹೆಸರು ‘ಘಟನಾಧಾರಿತ ಪ್ರೆಪ್’. ನನಗಂತೂ ‘ಸತ್ಯ ಘಟನೆ ಆಧಾರಿತ’ ಎಂಬ ಸಿನಿಮಾ ಪೋಸ್ಟರ್ ಕಂಡಿತು. ‘ಬೇಕಾದಾಗಿನ ಕ್ರಮ’ ಎಂದು ಬರೆದು, ಪಕ್ಕದಲ್ಲಿ ‘ಎರಡು-ಒಂದು-ಒಂದು’ ಎಂದು ಹಾಕಿದ್ದೇನೆ. ಲೆಕ್ಕ ನೆನಪಿದ್ದರೆ ಹೆಸರು ಮರೆತರೂ ಅಡ್ಡಿಯಿಲ್ಲ.

ಕೊನೆಗೆ ಓದುವವರನ್ನು ಕರೆಯುವ ಪದಗಳು. ‘ಸ್ವವರ್ಗಾನುರಾಗಿ’ ಎಂದಿದೆ. ಮಲಯಾಳದಲ್ಲಿ ಅದು ಸಲಿಂಗಪ್ರೇಮಿ. ಕನ್ನಡದಲ್ಲಿ ಸ್ವಂತ ವರ್ಗದವರ ಮೇಲೆ ಪ್ರೀತಿ ಇರುವವನು, ಆ ಲೆಕ್ಕದಲ್ಲಿ ಊರಿನ ಮದುವೆ ದಲ್ಲಾಳಿಗಳೆಲ್ಲ ಅದೇ. ‘ಲೈಂಗಿಕ ನ್ಯೂನಪಕ್ಷ’ ಎಂದೂ ಇದೆ. ಭಾಷಾ ಅಲ್ಪಸಂಖ್ಯಾತರಾದ ನಮಗೆ ನ್ಯೂನಪಕ್ಷ ಎಂಬ ಹಣೆಪಟ್ಟಿ ಹೊಸತಲ್ಲ, ಆದರೆ ಕನ್ನಡ ಕಿವಿಗೆ ಅದರಲ್ಲಿ ‘ನ್ಯೂನತೆ’ಯೇ ಮೊದಲು ಕೇಳುತ್ತದೆ. ಈಗಾಗಲೇ ಸಾಕಷ್ಟು ಕೇಳಿಸಿಕೊಂಡವರಿಗೆ ಇದೂ ಒಂದು ಬೇಡ. ಬೈಸೆಕ್ಷುವಲ್‌ಗೆ ‘ದ್ವಿಲಿಂಗಿ’ ಎಂದು ಹಾಕಿದ್ದಾರೆ. ಶಾಲೆಯ ಪುಸ್ತಕದಲ್ಲಿ ದಾಸವಾಳ ಹೂವೂ ದ್ವಿಲಿಂಗಿಯೇ. ಈ ಕಡೆ ಮದುವೆಯಾಗಿ, ಮಕ್ಕಳಾಗಿ, ಗಂಡಸರ ಜೊತೆಗೂ ಸಂಬಂಧ ಇರುವ ಎಷ್ಟೋ ಮಂದಿ ಯಾವ ಹೆಸರನ್ನೂ ತಮ್ಮದು ಅನ್ನುವುದಿಲ್ಲ. ಅವರಿಗೂ ಈ ಮದ್ದು ಬೇಕಾಗಬಹುದು. ಅದಕ್ಕೆ ಮೇಲೆ ‘ಗೇ, ಬೈಸೆಕ್ಷುವಲ್’ ಎಂದು ಇದ್ದ ಹಾಗೆಯೇ ಉಳಿಸಿ, ಕೆಳಗೆ ‘ಗಂಡಸರ ಜೊತೆ ಸೇರುವ ಯಾವುದೇ ಗಂಡಸಿಗೆ’ ಎಂದು ಸೇರಿಸಿದ್ದೇನೆ.

ನಿಮ್ಮಲ್ಲಿ ಕೇಳುವುದಿಷ್ಟು. ತಡೆಮದ್ದು ಎಂಬ ಪದವನ್ನು ಈ ಅರ್ಥದಲ್ಲಿ ಯಾರಾದರೂ ಈಗಾಗಲೇ ಬಳಸಿದ್ದು ಕಂಡಿದ್ದೀರಾ? ಮುಂಚಿನ, ಆಮೇಲಿನ ಎಂಬುದಕ್ಕಿಂತ ಚುರುಕಾದ ಜೋಡಿ ಹೊಳೆಯುತ್ತದೆಯೇ? ಸಂಸ್ಕೃತ ಪದ ಬೇಡ, ದಯವಿಟ್ಟು. ಮಂಗಳೂರು ಕಡೆ ಔಷಧದ ಅಂಗಡಿ ಇಟ್ಟವರು ಇಲ್ಲಿ ಯಾರಾದರೂ ಇದ್ದರೆ, ಗಿರಾಕಿಗಳು ಇದನ್ನು ಯಾವ ಹೆಸರು ಹೇಳಿ ಕೇಳುತ್ತಾರೆ, ಪ್ರೆಪ್ ಎಂದೋ, ಟೆನ್ವಿರ್-ಇಎಂ ಎಂಬ ಕಂಪೆನಿಯ ಹೆಸರಿನಿಂದಲೋ, ಅಥವಾ ಫೋನಿನಲ್ಲಿ ಚೀಟಿಯ ಫೋಟೋ ತೋರಿಸಿ ಸುಮ್ಮನೆ ನಿಲ್ಲುತ್ತಾರೋ, ಅದನ್ನೂ ತಿಳಿಸಿ.